ಬೀರುವಿನಲ್ಲೇ ಉಳಿದ ‘ಪರಿಸರಸ್ನೇಹಿ’ ಉಡುಗೊರೆಗಳು: ಈ ಬಾರಿ ಏನು ಕೊಡುವುದು?

ನಿಧಾನಗತಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಅಕ್ಕನ ಮನೆಯ ಬೀರುವನ್ನು ಅವಳೊಡನೆ ಕುಳಿತು ಒಪ್ಪ ಮಾಡುತ್ತಿದ್ದಾಗ, ಮೂರು ವರ್ಷಗಳಿಂದ ಹಬ್ಬದ ರಜೆಗಳಲ್ಲಿ ನಾನು ಅವಳಿಗೆ ಕೊಟ್ಟಿದ್ದ ವಸ್ತುಗಳೆಲ್ಲ ಕೆಳಗಿನ ಅರೆಯಲ್ಲಿ ಒಟ್ಟಾಗಿ ಸಿಕ್ಕವು. ಎರಡು ಹತ್ತಿ ಚೀಲ, ಬಿದಿರಿನದು ಎಂದು ಬರೆದಿದ್ದ ಒಂದು ಲೋಟ, ರಟ್ಟಿನೊಳಗೆ ಬೀಜ ಸೇರಿಸಿದ ದಿನಚರಿ, ಉಕ್ಕಿನ ನೀರಿನ ಬಾಟಲಿ. ಇವೆಲ್ಲವನ್ನೂ ನಾನು ಪರಿಸರಸ್ನೇಹಿ ಎಂಬ ಲೇಬಲ್ ನೋಡಿಯೇ ಆರಿಸಿದ್ದೆ. ಅವಳು ಒಂದನ್ನೂ ಬಳಸಿರಲಿಲ್ಲ. ‘ನೀನು ಕೊಟ್ಟದ್ದಲ್ಲವೇ, ಹಾಳಾಗಬಾರದೆಂದು ಎತ್ತಿಟ್ಟಿದ್ದೇನೆ’ ಎಂದು ಅಕ್ಕ ಹೇಳಿದಾಗ ಅವಳಿಗಿಂತ ಹೆಚ್ಚು ಸಂಕೋಚವಾದದ್ದು ನನಗೆ. ಅವರ ಮನೆಯಲ್ಲಿ ಆಗಲೇ ನಾಲ್ಕು ಬಾಟಲಿಗಳಿದ್ದವು ಎಂಬುದನ್ನು ನಾನು ಒಮ್ಮೆಯೂ ಗಮನಿಸಿರಲಿಲ್ಲ.

ಈ ಬಾರಿ ಹನ್ನೆರಡು ಮಂದಿಗೆ ಉಡುಗೊರೆ ಕೊಡಬೇಕಾಗಿದೆ: ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಅತ್ತೆ, ಚಿಕ್ಕಪ್ಪ, ಚಿಕ್ಕಮ್ಮ, ಕಚೇರಿಯ ನಾಲ್ವರು ಗೆಳತಿಯರು, ಕಾಲೇಜಿನ ದಿನಗಳ ಒಬ್ಬ ಸ್ನೇಹಿತ. ಕೊಡುವುದನ್ನೇ ನಿಲ್ಲಿಸುವ ಮನಸ್ಸು ನನಗಿಲ್ಲ. ಆದರೆ ಇನ್ನೊಂದು ಅರೆಯನ್ನು ತುಂಬಿಸುವ ಮನಸ್ಸೂ ಇಲ್ಲ. ವಸ್ತುವಿನ ಮೂಲದ್ರವ್ಯವನ್ನು ನೋಡಬೇಕೇ, ಲೇಬಲ್ ನೋಡಬೇಕೇ, ಅಥವಾ ನಾನು ಕೇಳುತ್ತಿರುವ ಪ್ರಶ್ನೆಯೇ ತಪ್ಪೇ? ಅನುಭವವುಳ್ಳವರು ತಿಳಿಸಿಕೊಡಬೇಕೆಂದು ವಿನಂತಿ.

ನೂಲೆಳೆ

ನಿಮ್ಮ ಅಕ್ಕನ ಅರೆಯಂಥದ್ದು ನಮ್ಮ ಮನೆಯಲ್ಲಿಯೂ ಇದೆ. ನಾನು ಜವಳಿ ಉದ್ಯಮದಲ್ಲಿ ಹಲವು ವರ್ಷ ದುಡಿದವನಾದ್ದರಿಂದ ಚೀಲದಿಂದಲೇ ಆರಂಭಿಸುತ್ತೇನೆ. ಹತ್ತಿ ಬೆಳೆಯಲು ನೀರು, ಗೊಬ್ಬರ, ಭೂಮಿ ಬೇಕು. ನೂಲುವುದಕ್ಕೂ ನೇಯುವುದಕ್ಕೂ ಬಣ್ಣ ಹಾಕುವುದಕ್ಕೂ ವಿದ್ಯುತ್ತು, ಉಗಿ ಮತ್ತು ರಾಸಾಯನಿಕಗಳು ಬೇಕು. ಈ ಖರ್ಚೆಲ್ಲ ಚೀಲವು ಅಂಗಡಿಗೆ ಬರುವ ಮೊದಲೇ ಆಗಿಹೋಗಿರುತ್ತದೆ, ಅದನ್ನು ತೀರಿಸುವುದು ಮುಂದಿನ ಬಳಕೆ ಮಾತ್ರ. ಬ್ರಿಟನ್ನಿನ ಪರಿಸರ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ದೃಷ್ಟಿಯಿಂದ ಮೇಲೆನಿಸಿಕೊಳ್ಳಲು ಒಂದು ಹತ್ತಿ ಚೀಲವನ್ನು 131 ಬಾರಿ ಬಳಸಬೇಕು. ಆ ಪ್ಲಾಸ್ಟಿಕ್ ಚೀಲವನ್ನೇ ಮನೆಯವರು ಮತ್ತೆ ಕಸದ ಬುಟ್ಟಿಗೆ ಹಾಸಿದರೆ ಈ ಸಂಖ್ಯೆ ಇನ್ನೂ ಏರುತ್ತದೆ. ಡೆನ್ಮಾರ್ಕಿನ ಪರಿಸರ ಇಲಾಖೆಯ 2018ರ ವರದಿಯಂತೂ ಸಾವಯವ ಹತ್ತಿಯ ಚೀಲಕ್ಕೆ 20,000 ಬಾರಿ ಎಂದು ಹೇಳಿದೆ. ನಿಮ್ಮ ಅಕ್ಕನ ಎರಡು ಚೀಲಗಳು ಈಗ ಸೊನ್ನೆಯಲ್ಲಿವೆ.

ಬಿದಿರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಿದಿರಿನ ಬಟ್ಟೆ ಎಂದು ಮಾರುವ ಮೃದುವಾದ ಟವೆಲ್, ಕಾಲುಚೀಲ, ಹೊದಿಕೆಗಳಲ್ಲಿ ಬಹುಪಾಲು ವಿಸ್ಕೋಸ್ ರೇಯಾನ್ ಆಗಿರುತ್ತವೆ. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಬಳಸಿ ಕರಗಿಸಿ, ಮತ್ತೆ ಎಳೆಯಾಗಿ ತೆಗೆಯುತ್ತಾರೆ. ಬಂದದ್ದಕ್ಕೆ ಗಿಡದ ಹೆಸರು ಉಳಿದಿರುತ್ತದೆಯೇ ಹೊರತು ಗಿಡದ ಗುಣವೇನೂ ಉಳಿದಿರುವುದಿಲ್ಲ. ಇಂಥದ್ದನ್ನು ಬರಿಯ ಬಿದಿರು ಎಂದು ಕರೆಯಬಾರದು, ರೇಯಾನ್ ಎಂದೇ ಬರೆಯಬೇಕು ಎಂಬುದು ಅಮೆರಿಕದ ವ್ಯಾಪಾರ ಆಯೋಗದ ನಿಯಮ. ಲೋಟದ ಕಥೆ ಬೇರೆ. ನಯವಾಗಿ, ಹಗುರವಾಗಿ, ಪಿಂಗಾಣಿಯಂತೆ ಅಚ್ಚುಹೊಯ್ದಂತಿರುವ ಬಿದಿರು ಲೋಟಗಳು ಸಾಮಾನ್ಯವಾಗಿ ಮೆಲಮೈನ್ ಪ್ಲಾಸ್ಟಿಕ್ಕಿಗೆ ಬಿದಿರಿನ ಪುಡಿ ಬೆರೆಸಿ ಮಾಡಿದವು. ಬಿಸಿ ಪಾನೀಯ ಹಾಕಿದಾಗ ಅವುಗಳಿಂದ ಫಾರ್ಮಾಲ್ಡಿಹೈಡ್ ಮತ್ತು ಮೆಲಮೈನ್ ಬಿಡುಗಡೆಯಾಗಬಹುದು ಎಂಬ ಕಾರಣಕ್ಕೆ ಯುರೋಪಿನಲ್ಲಿ ಇವುಗಳ ಮಾರಾಟಕ್ಕೆ ತಡೆ ಬಿದ್ದಿದೆ. ಅಕ್ಕನವರು ಆ ಲೋಟವನ್ನು ಬಳಸದೆ ಇದ್ದದ್ದೇ ಒಳ್ಳೆಯದಾಯಿತು.

ತಕರಾರು

20,000ದ ಲೆಕ್ಕವನ್ನು ಇಷ್ಟಕ್ಕೇ ಬಿಡಬಾರದು. ಆ ವರದಿಯನ್ನು ನಾನೂ ಓದಿದ್ದೇನೆ. ಅವರು ಹತ್ತಾರು ಪರಿಸರ ಸೂಚಕಗಳನ್ನು ಪ್ರತ್ಯೇಕವಾಗಿ ಅಳೆದು, ಯಾವ ಸೂಚಕದಲ್ಲಿ ಚೀಲದ ಅಂಕ ಅತ್ಯಂತ ಕೆಟ್ಟದೋ ಅದನ್ನೇ ಅಂತಿಮ ಸಂಖ್ಯೆಯಾಗಿ ತೆಗೆದುಕೊಂಡರು. ಇಲ್ಲಿ ಆ ಸೂಚಕ ಓಝೋನ್ ಪದರಕ್ಕೆ ಸಂಬಂಧಿಸಿದ್ದು. ಹವಾಮಾನ ಬದಲಾವಣೆಯೊಂದನ್ನೇ ನೋಡಿದರೆ ಅದೇ ವರದಿಯಲ್ಲಿ ಸಾವಯವ ಹತ್ತಿಗೆ 149 ಬಾರಿ, ಸಾಮಾನ್ಯ ಹತ್ತಿಗೆ 52 ಬಾರಿ ಎಂದಿದೆ. ಮೇಲಾಗಿ, ನೆಲಕ್ಕೂ ನೀರಿಗೂ ಎಸೆದ ಪ್ಲಾಸ್ಟಿಕ್ಕಿನಿಂದ ಆಗುವ ಹಾನಿ ಆ ಲೆಕ್ಕದೊಳಗೆ ಬಂದೇ ಇಲ್ಲ. ಭಯ ಹುಟ್ಟಿಸುವ ಸಂಖ್ಯೆಯನ್ನಷ್ಟೇ ಎತ್ತಿ ಹೇಳುವುದೂ, ಮೋಹಕವಾದ ಲೇಬಲ್ ಅಂಟಿಸುವುದೂ ಒಂದೇ ಬಗೆಯ ದೋಷ.

ನನ್ನ ಎರಡನೆಯ ತಕರಾರು ಚರ್ಚೆಯ ಬಗ್ಗೆಯೇ. ರಜೆಗೆ ವಿಮಾನದಲ್ಲಿ ದೂರದೂರಿಗೆ ಹೋಗಿ ಬರುವ ಕುಟುಂಬವೊಂದು, ಉಡುಗೊರೆಯ ಕಾಗದ ಮರುಬಳಕೆಯದೇ ಎಂದು ತಲೆಕೆಡಿಸಿಕೊಳ್ಳುವುದರಲ್ಲಿ ಏನು ಅರ್ಥವಿದೆ? ಹನ್ನೆರಡು ಉಡುಗೊರೆಗಳನ್ನು ಎಷ್ಟೇ ಜಾಣತನದಿಂದ ಆರಿಸಿದರೂ ಆ ಒಂದು ಪ್ರಯಾಣದ ಇಂಗಾಲದ ಮುಂದೆ ಅದು ಲೆಕ್ಕಕ್ಕೆ ಬರುವುದಿಲ್ಲ.

ನೂಲೆಳೆ

ತಕರಾರು ಅವರೇ, ಮೊದಲನೆಯದನ್ನು ಒಪ್ಪುತ್ತೇನೆ. ಸಂಖ್ಯೆಯನ್ನು ಅದರ ಹಿನ್ನೆಲೆಯಿಲ್ಲದೆ ಬರೆದದ್ದು ನನ್ನ ತಪ್ಪು. ಆದರೆ 52 ಆಗಲಿ, 131 ಆಗಲಿ, 149 ಆಗಲಿ, ಬೀರುವಿನಲ್ಲಿರುವ ಚೀಲ ಆ ಯಾವ ಗುರಿಯನ್ನೂ ಮುಟ್ಟುವುದಿಲ್ಲ ಎಂಬ ಮಾತು ನಿಲ್ಲುತ್ತದೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ನಾವಲ್ಲ. ಪ್ರಶ್ನೆ ಕೇಳಿದವರು ವಿಮಾನದ ಮಾತೇ ಎತ್ತಿಲ್ಲ.

ಕೇಳುಗ

ನಿಧಾನಗತಿ ಅವರು ‘ಪ್ರಶ್ನೆಯೇ ತಪ್ಪೇ’ ಎಂದು ಕೇಳಿದ್ದಾರೆ. ಪ್ರಶ್ನೆಯನ್ನು ಕೇಳಿದ ಸ್ಥಳ ತಪ್ಪು ಎಂದು ನನಗನ್ನಿಸುತ್ತದೆ. ಅಕ್ಕನಿಗೆ ಏನು ಬೇಕೆಂಬುದನ್ನು ಅಕ್ಕನನ್ನಲ್ಲವೇ ಕೇಳಬೇಕು?

ಇದು ತಮಾಷೆಯ ಮಾತಲ್ಲ. ಜೋಯಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞರು 1993ರಲ್ಲಿ ಒಂದು ಸರಳ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟರು: ನಿಮಗೆ ಹಬ್ಬದಲ್ಲಿ ಬಂದ ಉಡುಗೊರೆಗಳಿಗೆ ಕೊಟ್ಟವರು ಎಷ್ಟು ಖರ್ಚು ಮಾಡಿರಬಹುದು, ನೀವೇ ಆಗಿದ್ದರೆ ಅದಕ್ಕೆ ಎಷ್ಟು ಕೊಡುತ್ತಿದ್ದಿರಿ? ಎರಡರ ನಡುವಿನ ಅಂತರವನ್ನು ನೋಡಿದಾಗ, ಉಡುಗೊರೆಯ ಬೆಲೆಯಲ್ಲಿ ಶೇಕಡ 10ರಿಂದ ಮೂರನೆಯ ಒಂದು ಭಾಗದವರೆಗೆ ಯಾರಿಗೂ ದಕ್ಕದೆ ಕರಗಿಹೋಗುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಅವರು ಹಣದ ಲೆಕ್ಕವನ್ನಷ್ಟೇ ಹಾಕಿದ್ದರು, ಪ್ರೀತಿಯ ಲೆಕ್ಕವನ್ನಲ್ಲ. ಆದ್ದರಿಂದ ಅವರ ವಾದಕ್ಕೆ ಆಕ್ಷೇಪಗಳೂ ಬಂದವು. ಆದರೆ ಕರಗಿಹೋದ ಆ ಹಣದ ಹಿಂದೆ ನಿಜವಾದ ಹತ್ತಿ, ಉಕ್ಕು, ವಿದ್ಯುತ್ತು, ಸಾಗಣೆ ಇದ್ದವು ಎಂಬುದನ್ನು ಪರಿಸರದ ಕಡೆಯಿಂದ ನೋಡುವವರು ಮರೆಯಬಾರದು.

ಕೇಳಿದರೆ ಅಚ್ಚರಿಯ ಸಂತೋಷ ಹೋಗುತ್ತದೆ, ಪ್ರೀತಿಯಲ್ಲಿ ಕೊರತೆ ಇದೆ ಎಂದುಕೊಳ್ಳುತ್ತಾರೆ ಎಂದು ಕೊಡುವವರಿಗೆ ಅಳುಕಿರುತ್ತದೆ. ಫ್ರಾಂಚೆಸ್ಕಾ ಜೀನೊ ಮತ್ತು ಫ್ರಾಂಕ್ ಫ್ಲಿನ್ ಅವರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದು ಇದಕ್ಕೆ ವಿರುದ್ಧ. ತಾವು ಪಟ್ಟಿಯಲ್ಲಿ ಬರೆದದ್ದನ್ನೇ ಪಡೆದವರು, ಕೊಟ್ಟವರು ಊಹಿಸಿದ್ದಕ್ಕಿಂತ ಹೆಚ್ಚು ಮೆಚ್ಚಿಕೊಂಡರು. ಫ್ಲಿನ್ ಅವರೂ ಗೇಬ್ರಿಯೆಲ್ ಆಡಮ್ಸ್ ಅವರೂ 2009ರಲ್ಲಿ ನಡೆಸಿದ ಅಧ್ಯಯನದಲ್ಲಿ, ಬೆಲೆ ಹೆಚ್ಚಿದಷ್ಟೂ ಮೆಚ್ಚುಗೆ ಹೆಚ್ಚುತ್ತದೆ ಎಂದು ನಂಬಿದ್ದು ಕೊಡುವವರು ಮಾತ್ರ. ಪಡೆದವರ ಮೆಚ್ಚುಗೆಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ.

ನಮ್ಮ ಕುಟುಂಬದಲ್ಲಿ ನಾಲ್ಕು ವರ್ಷಗಳಿಂದ ಚೀಟಿ ಎತ್ತುವ ಪದ್ಧತಿ ಇಟ್ಟುಕೊಂಡಿದ್ದೇವೆ. ಹದಿನಾಲ್ಕು ಮಂದಿ ಪರಸ್ಪರ ಕೊಟ್ಟರೆ ನೂರಾ ಎಂಬತ್ತೆರಡು ಉಡುಗೊರೆಗಳಾಗುತ್ತವೆ. ಚೀಟಿಯಲ್ಲಿ ಬಂದ ಒಬ್ಬರಿಗೆ ಮಾತ್ರ ಕೊಟ್ಟರೆ ಹದಿನಾಲ್ಕು. ಮೊದಲ ವರ್ಷ ನಮ್ಮ ಸೋದರತ್ತೆ ಒಬ್ಬರು ಮುನಿಸಿಕೊಂಡು, ನಿಯಮ ಮುರಿದು ಎಲ್ಲರಿಗೂ ತಂದರು. ಎರಡನೆಯ ವರ್ಷ ಅವರೇ ಚೀಟಿ ಬರೆಯುವ ಕೆಲಸ ವಹಿಸಿಕೊಂಡರು.

ಹಳೆಗಡಿಯಾರ

ಹೊಸದನ್ನು ಕೊಳ್ಳುವ ಮಾತಷ್ಟೇ ನಡೆಯುತ್ತಿದೆ. ನಾನು ಹಳೆಯದರ ಪರವಾಗಿ ನಾಲ್ಕು ಮಾತು ಹೇಳುತ್ತೇನೆ. ನಿವೃತ್ತನಾದ ಮೇಲೆ ರೇಡಿಯೊ, ಗಡಿಯಾರ, ಮಿಕ್ಸರ್‌ಗಳನ್ನು ಬಿಚ್ಚಿ ಸರಿಮಾಡುವುದು ನನ್ನ ಹವ್ಯಾಸವಾಗಿದೆ. ಕಳೆದ ವರ್ಷ ಗೆಳೆಯನೊಬ್ಬನಿಗೆ, ಅವನ ತಂದೆ ಕೇಳುತ್ತಿದ್ದ, ಹದಿನೈದು ವರ್ಷ ಮೂಕವಾಗಿದ್ದ ರೇಡಿಯೊವನ್ನೇ ಹಾಡಿಸಿ ಕೊಟ್ಟೆ. ಅದಕ್ಕೆ ಬೇಕಾದದ್ದು ಎರಡು ಕೆಪಾಸಿಟರ್, ಒಂದು ಹೊಸ ವೈರು, ಮೂರು ಸಂಜೆ. ಅವನು ಆ ದಿನ ಹೆಚ್ಚು ಮಾತಾಡಲಿಲ್ಲ, ಆದರೆ ಈಗಲೂ ಬೆಳಿಗ್ಗೆ ಅದನ್ನು ಹಾಕುತ್ತಾನೆ.

ವಿದ್ಯುನ್ಮಾನ ವಸ್ತುಗಳನ್ನು ಉಡುಗೊರೆ ಕೊಡುವವರು ಒಂದು ಅಂಕಿಯನ್ನು ನೆನಪಿಡಬೇಕು. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಸೇರಿದ್ದಕ್ಕೆ ದಾಖಲೆ ಇರುವುದು ಶೇಕಡ 22.3ಕ್ಕೆ ಮಾತ್ರ. ಹಾಡುವ ಲೋಟ, ಮಿನುಗುವ ಪೆನ್ನು, ಮೇಜಿನ ಮೇಲಿನ ಕಿರು ಫ್ಯಾನು ಮುಂತಾದ ನಗೆಯ ಉಡುಗೊರೆಗಳೆಲ್ಲ ಕೊನೆಗೆ ಸೇರುವುದು ಈ ರಾಶಿಗೇ. ಕೊಡಲೇಬೇಕಾದರೆ ಸ್ಕ್ರೂ ತೆಗೆದು ಬ್ಯಾಟರಿ ಬದಲಿಸಲು ಬರುವಂಥದ್ದನ್ನು ಕೊಡಿ, ಅಂಟು ಹಾಕಿ ಮುಚ್ಚಿದ್ದನ್ನಲ್ಲ. ಫ್ರಾನ್ಸಿನಲ್ಲಿ 2021ರಿಂದ ಕೆಲವು ಬಗೆಯ ಉಪಕರಣಗಳ ಮೇಲೆ ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದು ಎಂಬುದಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಬರೆಯಬೇಕೆಂಬ ಕಾನೂನು ಬಂದಿದೆ. ಅಂಥ ಅಂಕ ಎಲ್ಲೆಡೆ ಇದ್ದಿದ್ದರೆ ನನ್ನಂಥವರ ಅರ್ಧ ಬೈಗುಳ ಉಳಿಯುತ್ತಿತ್ತು.

ಬಳಸಿದ ವಸ್ತುವನ್ನು ಕೊಡುವಾಗ ನಾನು ಒಮ್ಮೆ ಕೈಸುಟ್ಟುಕೊಂಡಿದ್ದೇನೆ. ಭಾವಮೈದುನನಿಗೆ ಚೆನ್ನಾದ ಹಳೆಯ ಕ್ಯಾಮೆರಾ ಒಂದನ್ನು ಹುಡುಕಿ, ಶುಚಿಮಾಡಿ, ಹೊಸ ಪೆಟ್ಟಿಗೆಯಲ್ಲಿಟ್ಟು ಕೊಟ್ಟೆ, ಹಳೆಯದೆಂದು ಹೇಳಲಿಲ್ಲ. ಅವನಿಗೆ ಗೊತ್ತಾದಾಗ, ವಸ್ತು ಹಳೆಯದೆಂಬುದಕ್ಕಿಂತ ನಾನು ಮುಚ್ಚಿಟ್ಟೆನೆಂಬುದೇ ನೋವಾಯಿತು. ಈಗ ಒಂದು ಕಾಗದದಲ್ಲಿ ಅದು ಎಲ್ಲಿಂದ ಬಂತು, ನಾನು ಏನು ಸರಿಮಾಡಿದೆ, ಏನು ಸರಿಮಾಡಲಾಗಲಿಲ್ಲ ಎಂದು ಬರೆದು ಜೊತೆಗೆ ಇಡುತ್ತೇನೆ. ಹೆಲ್ಮೆಟ್, ಮಕ್ಕಳ ಕಾರ್ ಸೀಟ್, ಗುರುತು ಪರಿಚಯವಿಲ್ಲದ ಚಾರ್ಜರ್ ಇವನ್ನು ಮಾತ್ರ ಹಳೆಯದನ್ನು ಕೊಡಬೇಡಿ. ಒಳಗೆ ಏನು ಬಿರುಕು ಬಿಟ್ಟಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಚಿಟ್ಟೆಗೂಡು

ಮಕ್ಕಳಿರುವ ಮನೆಯಿಂದ ಬರೆಯುತ್ತಿದ್ದೇನೆ. ನಮ್ಮ ಮಗಳ ಆಟಿಕೆಗಳನ್ನು ಒಮ್ಮೆ ನೆಲದ ಮೇಲೆ ಹರಡಿ ಎಣಿಸಿದಾಗ, ಅರ್ಧಕ್ಕೂ ಹೆಚ್ಚು ನೆಂಟರು ತಂದವು ಎಂದು ತಿಳಿಯಿತು. ಯಾರನ್ನೂ ದೂರುವಂತಿಲ್ಲ, ಎಲ್ಲರೂ ಪ್ರೀತಿಯಿಂದಲೇ ತಂದವರು. ನಾವು ಕೊನೆಗೆ ಮಾಡಿದ್ದಿಷ್ಟು: ಅಜ್ಜ–ಅಜ್ಜಿ, ಇಬ್ಬರು ಚಿಕ್ಕಪ್ಪಂದಿರು ಮತ್ತು ದೊಡ್ಡಮ್ಮ ಸೇರಿ ಒಂದೇ ಉಡುಗೊರೆ ಕೊಡಲಿ ಎಂದು ಕೇಳಿಕೊಂಡೆವು. ಆ ವರ್ಷ ಅವಳಿಗೆ ಬಂದದ್ದು ಮರದ ಕಟ್ಟುವ ತುಂಡುಗಳ ದೊಡ್ಡ ಪೆಟ್ಟಿಗೆ. ಮೂರು ವರ್ಷವಾಯಿತು, ಮನೆ, ಸೇತುವೆ, ಆಸ್ಪತ್ರೆ ಎಂದು ಅದರ ರೂಪ ಬದಲಾಗುತ್ತಲೇ ಇದೆ. ಒಂದೇ ಗುಂಡಿ, ಒಂದೇ ಹಾಡು ಇರುವ ಆಟಿಕೆಗೆ ಮಗು ಕೊಡುವ ಆಯುಷ್ಯ ಹೆಚ್ಚೆಂದರೆ ಒಂದು ವಾರ.

ಬಟನ್ ಬ್ಯಾಟರಿಯ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಇರಲಾರೆ. ಮಿನುಗುವ ಕಾರ್ಡು, ಹಾಡುವ ಕಾರ್ಡು, ಅಗ್ಗದ ಆಟಿಕೆಗಳಲ್ಲಿ ಇವು ಇರುತ್ತವೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಗಂಭೀರ ಸುಟ್ಟಗಾಯವಾಗಬಹುದು. ಪರಿಸರದ ಮಾತು ಹಾಗಿರಲಿ, ಈ ಕಾರಣಕ್ಕಾದರೂ ಅವನ್ನು ಬಿಟ್ಟುಬಿಡಿ. ಬ್ಯಾಟರಿ ಬೇಕೇ ಬೇಕಾದ ಆಟಿಕೆಯಾದರೆ ನೂರಾರು ಬಾರಿ ಚಾರ್ಜ್ ಮಾಡಬಹುದಾದ ಬ್ಯಾಟರಿಗಳನ್ನೂ ಚಾರ್ಜರನ್ನೂ ಜೊತೆಯಲ್ಲೇ ಕೊಡಿ. ತಂದೆತಾಯಿಯರು ನಿಮ್ಮನ್ನು ವರ್ಷವಿಡೀ ನೆನೆಯುತ್ತಾರೆ.

ವಸ್ತುವಿನ ಬದಲು ಅನುಭವವನ್ನು ಕೊಡಿ ಎಂದು ಈಗ ಎಲ್ಲರೂ ಹೇಳುತ್ತಾರೆ. ನನಗೂ ಅದು ಇಷ್ಟ. ಈಜು ಕಲಿಯುವ ತರಗತಿ, ನಾಟಕದ ಟಿಕೆಟ್, ಗ್ರಂಥಾಲಯದ ಸದಸ್ಯತ್ವ ಎಲ್ಲವೂ ಚೆನ್ನ. ಆದರೆ ನಮಗೆ ಬಂದ ವೋಚರುಗಳಲ್ಲಿ ಎರಡು ಅವಧಿ ಮುಗಿದು ಕಾಗದವಾಗಿಯೇ ಹೋದವು. ‘ಯಾವಾಗ ಬೇಕಾದರೂ ಹೋಗಿ’ ಎಂಬುದು ‘ಎಂದೂ ಹೋಗಬೇಡಿ’ ಎಂಬುದಕ್ಕೆ ಬಹಳ ಹತ್ತಿರ. ದಿನಾಂಕ ಗೊತ್ತುಮಾಡಿ, ಸಾಧ್ಯವಾದರೆ ನೀವೂ ಜೊತೆಗೆ ಹೋಗಿ.

ಕೇಳುಗ

ಚಿಟ್ಟೆಗೂಡು ಅವರ ಮಾತಿಗೆ ಒಂದು ಸೇರ್ಪಡೆ. ಸಿಂಡಿ ಚಾನ್ ಮತ್ತು ಕ್ಯಾಸಿ ಮೊಗಿಲ್ನರ್ ಅವರ 2017ರ ಅಧ್ಯಯನದಲ್ಲಿ, ಅನುಭವದ ಉಡುಗೊರೆ ಪಡೆದವರಿಗೆ ಕೊಟ್ಟವರ ಮೇಲಿನ ಬಾಂಧವ್ಯ ವಸ್ತು ಪಡೆದವರಿಗಿಂತ ಹೆಚ್ಚು ಗಟ್ಟಿಯಾಯಿತು. ಕೊಟ್ಟವರು ಜೊತೆಯಲ್ಲಿ ಇಲ್ಲದಿದ್ದಾಗಲೂ ಹಾಗೆಯೇ. ಆದ್ದರಿಂದ ಜೊತೆಗೆ ಹೋಗಲಾಗದವರು ಹಿಂಜರಿಯಬೇಕಿಲ್ಲ. ಅವಧಿಯ ಮಾತಂತೂ ನಿಜ.

ತಕರಾರು

ಅನುಭವವೆಂದರೆ ತನ್ನಿಂದ ತಾನೇ ಹಸಿರಲ್ಲ. ವಾರಾಂತ್ಯಕ್ಕೆಂದು ಸಾವಿರಾರು ಕಿಲೋಮೀಟರ್ ಹಾರಿಸುವ ಪ್ರವಾಸವೂ ಅನುಭವವೇ.

ಒಣಎಲೆ

ಒಳಗಿನದರ ಬಗ್ಗೆ ಸಾಕಷ್ಟು ಬಂದಿದೆ. ಹೊರಗಿನ ಸುತ್ತಿನ ಬಗ್ಗೆ ಯಾರೂ ಬರೆದಿಲ್ಲ. ಹೊಳೆಯುವ ಗಿಫ್ಟ್ ಪೇಪರನ್ನು ಕೈಯಲ್ಲಿ ಮುದುಡಿ ಬಿಟ್ಟುನೋಡಿ. ಮುದುಡಿದಂತೆಯೇ ಉಳಿದರೆ ಅದು ಬಹುಮಟ್ಟಿಗೆ ಕಾಗದ. ತಾನಾಗಿ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಅಥವಾ ಲೋಹದ ಪೊರೆ ಇದೆ, ಕಾಗದದ ಮರುಬಳಕೆಗೆ ಬಾರದು. ಗ್ಲಿಟರ್ ಉದುರುವ ಕಾಗದವಂತೂ ಬೇಡವೇ ಬೇಡ, ಆ ಮಿನುಗೆಲ್ಲ ಸಣ್ಣ ಸಣ್ಣ ಪ್ಲಾಸ್ಟಿಕ್ ಚೂರು. ಯುರೋಪಿನ ಒಕ್ಕೂಟವು ಅಕ್ಟೋಬರ್ 2023ರಿಂದ ಸಡಿಲ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನೇ ನಿರ್ಬಂಧಿಸಿದೆ. ನಾನು ಹಳೆಯ ಕ್ಯಾಲೆಂಡರಿನ ಹಾಳೆ, ನಕಾಶೆ, ಇಲ್ಲವೇ ಚೌಕದ ಬಟ್ಟೆಯೊಂದನ್ನು ಗಂಟು ಹಾಕಿ ಕೊಡುತ್ತೇನೆ; ಟೇಪ್ ಬೇಕಿಲ್ಲ. ಬಟ್ಟೆ ಬಹಳ ಬಾರಿ ನನಗೇ ಮರಳಿ ಬರುತ್ತದೆ, ಮತ್ತೆ ಹೋಗುತ್ತದೆ.

ಕಾಂಪೋಸ್ಟ್ ಆಗುತ್ತದೆ ಎಂಬ ಮುದ್ರೆಯನ್ನು ನೋಡಿ ಹಿಗ್ಗಬೇಡಿ. ಜೋಳದ ಪಿಷ್ಟ ಮುಂತಾದವುಗಳಿಂದ ಮಾಡುವ ಪಿಎಲ್‌ಎ ಪ್ಲಾಸ್ಟಿಕ್, ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖವನ್ನು ವಾರಗಟ್ಟಲೆ ಹಿಡಿದಿಡುವ ಕೈಗಾರಿಕಾ ಘಟಕದಲ್ಲಿ ಕೊಳೆಯುತ್ತದೆಯೇ ಹೊರತು ನನ್ನ ಹಿತ್ತಲಿನ ಗೊಬ್ಬರದ ಗುಂಡಿಯಲ್ಲಲ್ಲ. ಪರೀಕ್ಷೆಗೆಂದೇ ಹೂತಿಟ್ಟಿದ್ದ ಒಂದು ಚಮಚವನ್ನು ಎರಡು ಮಳೆಗಾಲ ಕಳೆದು ತೆಗೆದೆ. ತೊಳೆದರೆ ಮತ್ತೆ ಬಳಸಬಹುದಿತ್ತು.

ಗಿಡ ಕೊಡುವವರಿಗೆ ಎರಡು ಮಾತು. ಬೀಜದ ಕಾಗದದಲ್ಲಿ ಯಾವ ಗಿಡದ ಬೀಜ ಇದೆ ಎಂದು ಬರೆದಿರದಿದ್ದರೆ ನೆಲಕ್ಕೆ ಹಾಕಬೇಡಿ. ಆ ಪ್ರದೇಶಕ್ಕೆ ಸೇರದ ಸಸ್ಯ ಒಮ್ಮೆ ಹಬ್ಬಿಕೊಂಡರೆ ಕಿತ್ತು ಪೂರೈಸುವುದಿಲ್ಲ. ಕುಂಡದ ಮಣ್ಣಿನಲ್ಲಿ ಪೀಟ್, ಅಂದರೆ ಜೌಗು ನೆಲದಲ್ಲಿ ಅರೆಕೊಳೆತು ಶೇಖರವಾದ ಸಸ್ಯಗಳ ಮಣ್ಣು, ಇಲ್ಲದ್ದನ್ನು ಹುಡುಕಿ. ಪೀಟ್ ತುಂಬಿದ ಜೌಗು ನೆಲಗಳು ಭೂಭಾಗದ ಶೇಕಡ 3ರಷ್ಟೇ ಇದ್ದರೂ ಜಗತ್ತಿನ ಎಲ್ಲ ಕಾಡುಗಳ ಮರಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿವೆ. ಕುಂಡ ತುಂಬಿಸಲು ಅದನ್ನು ಅಗೆಯುವುದು ದುಬಾರಿ ವ್ಯವಹಾರ. ಇನ್ನು, ನೀರು ಹಾಕುವ ಅಭ್ಯಾಸವಿಲ್ಲದವರಿಗೆ ಗಿಡ ಕೊಡುವುದು ಗಿಡಕ್ಕೆ ಮಾಡುವ ಅನ್ಯಾಯ. ನೀವು ಬೆಳೆಸಿದ ಗಿಡದಿಂದಲೇ ಒಂದು ಕಡ್ಡಿ ತೆಗೆದು, ಬೇರು ಬಿಡಿಸಿ, ಹೇಗೆ ನೋಡಿಕೊಳ್ಳಬೇಕೆಂದು ಬರೆದು ಕೊಟ್ಟರೆ ಅದಕ್ಕಿಂತ ಕಡಿಮೆ ಖರ್ಚಿನ ಉಡುಗೊರೆ ಇಲ್ಲ. ಆದರೆ ಎರಡು ತಿಂಗಳು ಮೊದಲೇ ಆರಂಭಿಸಬೇಕು.

ನಿಧಾನಗತಿ

ಇಷ್ಟು ವಿವರವಾದ ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ. ಕೇಳುಗ ಅವರ ಮಾತಿನಂತೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಮೊದಲ ಎರಡು ಕರೆಗಳಲ್ಲಿ ನಾಲಿಗೆ ತಡವರಿಸಿತು, ಆಮೇಲೆ ಸಲೀಸಾಯಿತು. ಅಕ್ಕ ಕೇಳಿದ್ದು ಹರಿತವಾದ ಕತ್ತರಿ. ಮನೆಯಲ್ಲಿರುವ ಮೂರೂ ಮೊಂಡಾಗಿವೆಯಂತೆ. ಹೊಸದನ್ನು ಕೊಳ್ಳುವ ಬದಲು ಆ ಮೂರನ್ನೂ ಸಾಣೆ ಹಿಡಿಸಿಕೊಡುತ್ತೇನೆಂದೆ, ಅವಳಿಗೆ ನಗು ತಡೆಯಲಾಗಲಿಲ್ಲ. ಭಾವನಿಗೆ ಅವರ ಹಳೆಯ ಚರ್ಮದ ಚೀಲದ ಜಿಪ್ ಬದಲಿಸಿಕೊಟ್ಟರೆ ಸಾಕಂತೆ. ಕಚೇರಿಯ ಗೆಳತಿಯರು ಚೀಟಿ ಎತ್ತಲು ಒಪ್ಪಿದ್ದಾರೆ. ಮಕ್ಕಳ ವಿಷಯವನ್ನು ಚಿಕ್ಕಪ್ಪ–ಚಿಕ್ಕಮ್ಮನವರೊಡನೆ ಸೇರಿ ಒಂದೇ ಉಡುಗೊರೆಯಾಗಿ ಮಾಡುತ್ತೇವೆ.

ಅತ್ತೆಯವರದೇ ಸಮಸ್ಯೆ. ‘ನನಗೇನೂ ಬೇಡಮ್ಮ’ ಎನ್ನುತ್ತಾರೆ. ಪ್ರತಿ ವರ್ಷವೂ ಹಾಗೆಯೇ ಹೇಳಿದ್ದಾರೆ, ನಾನು ಪ್ರತಿ ವರ್ಷವೂ ಏನನ್ನಾದರೂ ತಂದಿದ್ದೇನೆ. ಅದನ್ನು ನಂಬಿ ಬರಿಗೈಯಲ್ಲಿ ಹೋಗಲೇ?

ಹಳೆಗಡಿಯಾರ

ತಂಗೀ, ನಮ್ಮ ವಯಸ್ಸಿನವರ ‘ಏನೂ ಬೇಡ’ಕ್ಕೆ ಎರಡು ಅರ್ಥಗಳಿವೆ. ಇನ್ನೊಂದು ವಸ್ತು ಬೇಡ, ಜಾಗವಿಲ್ಲ, ಅದನ್ನು ಒರೆಸಿ ಇಡುವ ಶಕ್ತಿಯೂ ಇಲ್ಲ ಎಂಬುದು ಒಂದು. ನನಗಾಗಿ ನಿನ್ನ ಹಣ ಖರ್ಚಾಗಬಾರದು ಎಂಬುದು ಇನ್ನೊಂದು. ಎರಡರಲ್ಲಿಯೂ ನೀನು ಬರಬೇಡ ಎಂಬ ಅರ್ಥವಿಲ್ಲ. ನನ್ನ ಸೊಸೆ ಕಳೆದ ಬಾರಿ ಒಂದು ಮಧ್ಯಾಹ್ನ ನನ್ನ ಹಳೆಯ ಫೋಟೋಗಳ ಪೆಟ್ಟಿಗೆಯನ್ನು ತೆಗೆಸಿದಳು. ಯಾರು ಯಾರು, ಯಾವ ವರ್ಷ, ಯಾರ ಮದುವೆ ಎಂದು ನಾನು ಹೇಳುತ್ತಾ ಹೋದೆ, ಅವಳು ಪ್ರತಿ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಾ ಹೋದಳು. ಪೆನ್ನಿನಲ್ಲಿ ಬರೆದರೆ ಶಾಯಿ ಮುಂಬದಿಗೆ ಇಳಿಯುತ್ತದೆ, ಪೆನ್ಸಿಲನ್ನೂ ಮೆಲ್ಲಗೆ ಊರಬೇಕು. ಅರ್ಧ ಪೆಟ್ಟಿಗೆ ಉಳಿದಿದೆ, ಈ ಬಾರಿಗೆ ಇಟ್ಟುಕೊಂಡಿದ್ದೇವೆ.

ಕೇಳುಗ

ನಾನು ಭಿನ್ನವಾಗಿ ಯೋಚಿಸುತ್ತೇನೆ. ಒಬ್ಬರು ಬೇಡ ಎಂದಾಗ ಅದರ ಹಿಂದಿನ ಅರ್ಥ ಹುಡುಕುವುದಕ್ಕಿಂತ ಆ ಮಾತನ್ನೇ ಗೌರವಿಸುವುದು ಮೇಲು. ಮೂರು ವರ್ಷ ಅವರ ಮಾತನ್ನು ಕೇಳಿಸಿಕೊಳ್ಳದೆ ತಂದಿದ್ದೀರಿ. ಈ ಬಾರಿ ತರದಿರುವುದೇ ಅವರು ಕೇಳಿದ ಉಡುಗೊರೆ. ಫೋಟೋಗಳ ಜೊತೆ ಕುಳಿತುಕೊಳ್ಳಬೇಕೆಂದಿದ್ದರೆ ಅದನ್ನು ಉಡುಗೊರೆ ಎಂದು ಕರೆಯದೆ, ಸುಮ್ಮನೆ ಹೋಗಿ ಕುಳಿತುಕೊಳ್ಳಿ.

ತಕರಾರು

ನಾನು ಮೊದಲು ವಿಮಾನದ ಮಾತೆತ್ತಿದ್ದು ಅಪ್ರಸ್ತುತ ಎಂದು ನೂಲೆಳೆ ಅವರು ಹೇಳಿದರು. ಸರಿ, ಆದರೆ ಉಡುಗೊರೆಯೂ ಹಾರಿ ಬರುತ್ತದೆ. ಕೊನೆಯ ಘಳಿಗೆಯಲ್ಲಿ ಆರ್ಡರ್ ಮಾಡಿ, ನಾಳೆಯೇ ಬೇಕೆಂದರೆ ಅದು ವಿಮಾನದಲ್ಲಿ ಬರುವ ಸಂಭವ ಹೆಚ್ಚು. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸುವ ಲೆಕ್ಕದಲ್ಲಿ ಹಡಗಿಗಿಂತ ವಿಮಾನ ಹತ್ತಾರು ಪಟ್ಟು ಹೆಚ್ಚು ಹೊಗೆ ಉಗುಳುತ್ತದೆ. ಹಾಗಾಗಿ ಮೂರು ವಾರ ಮೊದಲೇ ನಿರ್ಧರಿಸುವುದು ಯಾವ ಹಸಿರು ಲೇಬಲ್ಲಿಗೂ ಕಡಿಮೆಯಲ್ಲ.

ಲೇಬಲ್ಲಿನ ವಿಷಯಕ್ಕೆ ಬಂದರೆ, ಬರಿಯ ‘ಪರಿಸರಸ್ನೇಹಿ’, ‘ಹಸಿರು’, ‘ನೈಸರ್ಗಿಕ’ ಎಂಬ ಪದಗಳನ್ನು ಲೇಬಲ್ ಎಂದೇ ಪರಿಗಣಿಸಬೇಡಿ. ಅಮೆರಿಕದ ವ್ಯಾಪಾರ ಆಯೋಗವು 1992ರಿಂದಲೂ ಇಟ್ಟುಕೊಂಡಿರುವ, 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಇಂಥ ಸಾಮಾನ್ಯ ಹೊಗಳಿಕೆಯನ್ನು ವಿವರಣೆಯಿಲ್ಲದೆ ಬಳಸಬಾರದೆನ್ನುತ್ತದೆ. ಯುರೋಪಿನ ಒಕ್ಕೂಟದ 2024ರ ನಿರ್ದೇಶನವು ಪುರಾವೆಯಿಲ್ಲದ ಇಂಥ ಪದಗಳನ್ನು 2026ರ ಸೆಪ್ಟೆಂಬರಿನಿಂದ ನಿಷೇಧಿಸುತ್ತದೆ. ನಂಬಬಹುದಾದ ಮುದ್ರೆಗೆ ಹಿಂದೆ ಒಂದು ಸಂಸ್ಥೆ, ಒಂದು ನಿಯಮ, ಒಂದು ಪರವಾನಗಿ ಸಂಖ್ಯೆ ಇರುತ್ತದೆ. ಮರ ಮತ್ತು ಕಾಗದಕ್ಕೆ ಎಫ್‌ಎಸ್‌ಸಿ, ಬಟ್ಟೆಗೆ ಜಿಒಟಿಎಸ್ ಅಂಥವು. ಎಫ್‌ಎಸ್‌ಸಿಯಲ್ಲಿಯೂ ‘100%’, ‘ಮಿಕ್ಸ್’, ‘ರಿಸೈಕಲ್ಡ್’ ಎಂಬ ಮೂರು ಬಗೆಗಳಿವೆ, ಮೂರೂ ಒಂದೇ ಅಲ್ಲ.

ನೂಲೆಳೆ

ಜಿಒಟಿಎಸ್‌ನಲ್ಲಿಯೂ ಎರಡು ದರ್ಜೆಗಳಿವೆ ಎಂಬುದನ್ನು ಸೇರಿಸುತ್ತೇನೆ. ಸಾವಯವ ಎಂದಷ್ಟೇ ಬರೆಯಲು ಕನಿಷ್ಠ ಶೇಕಡ 95ರಷ್ಟು ಸಾವಯವ ನೂಲಿರಬೇಕು. ಸಾವಯವ ನೂಲಿನಿಂದ ಮಾಡಿದ್ದು ಎಂದು ಬರೆಯಲು ಶೇಕಡ 70 ಸಾಕು. ಓದುವವರಿಗೆ ಎರಡೂ ಒಂದೇ ಎನಿಸುತ್ತದೆ, ಬರೆಯುವವರಿಗೆ ಅದು ಚೆನ್ನಾಗಿ ಗೊತ್ತು. ತಕರಾರು ಅವರೇ, ಮೂರು ವಾರದ ಮಾತಿಗೆ ನನ್ನ ಒಪ್ಪಿಗೆಯಿದೆ. ನಿಮ್ಮೊಡನೆ ಒಪ್ಪುವ ಅವಕಾಶ ಅಪರೂಪವಾದ್ದರಿಂದ ದಾಖಲಿಸುತ್ತಿದ್ದೇನೆ.

ನಿಧಾನಗತಿ

ರಜೆ ಮುಗಿದಿದೆ, ಸಹಾಯ ಮಾಡಿದವರಿಗೆ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ. ಎಲ್ಲವೂ ನೆಟ್ಟಗೆ ನಡೆಯಲಿಲ್ಲ. ಕತ್ತರಿಗಳಲ್ಲಿ ಒಂದರ ತಿರುಪು ಸವೆದಿತ್ತು, ಎರಡು ಮಾತ್ರ ಹರಿತವಾದವು. ಕಾಲೇಜಿನ ಸ್ನೇಹಿತನಿಗೆ ಬಳಸಿದ ಪುಸ್ತಕ ಹುಡುಕಿಕೊಟ್ಟೆ. ಅದು ಅವನ ಬಳಿ ಇದೆಯೇ ಎಂದು ಕೇಳುವುದನ್ನು ಮರೆತಿದ್ದೆ, ಇತ್ತು. ಅವನು ಹಳೆಯ ಪ್ರತಿಯನ್ನು ಇಟ್ಟುಕೊಂಡು ತನ್ನ ಹೊಸ ಪ್ರತಿಯನ್ನು ಬೇರೊಬ್ಬರಿಗೆ ಕೊಟ್ಟನಂತೆ, ನನ್ನದರ ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿಗಳು ಅವನಿಗೆ ಹಿಡಿಸಿದವು.

ಅತ್ತೆಯವರ ಮನೆಗೆ ಬರಿಗೈಯಲ್ಲಿಯೇ ಹೋದೆ. ಕೇಳುಗ ಅವರ ಮಾತು, ಹಳೆಗಡಿಯಾರ ಅವರ ಮಾತು ಎರಡನ್ನೂ ತಲೆಯಲ್ಲಿಟ್ಟುಕೊಂಡೇ ಹೋಗಿದ್ದೆ. ಫೋಟೋಗಳ ಮಾತೆತ್ತಿದಾಗ, ‘ಅದೆಲ್ಲ ಯಾಕಮ್ಮ, ಈ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡುವುದು ಹೇಗೆಂದು ತೋರಿಸಿಕೊಡು’ ಎಂದರು. ಹತ್ತು ನಿಮಿಷದ ಕೆಲಸ. ಆಮೇಲೆ ಸಂಜೆಯವರೆಗೆ ಅವರು ತಮ್ಮ ತಂಗಿಯರಿಗೆಲ್ಲ ಸಂದೇಶ ಕಳಿಸುತ್ತಾ ಕುಳಿತಿದ್ದರು, ನಾನು ಪಕ್ಕದಲ್ಲಿದ್ದೆ.

ಮಕ್ಕಳ ಉಡುಗೊರೆಯನ್ನು ಸುತ್ತಲು ಅಕ್ಕ ಬೀರುವಿನಿಂದ ಆ ಎರಡು ಹತ್ತಿ ಚೀಲಗಳನ್ನು ತೆಗೆದುಕೊಟ್ಟಳು. ನೂಲೆಳೆ ಅವರ ಲೆಕ್ಕವನ್ನು ಊಟದ ಹೊತ್ತಿನಲ್ಲಿ ಹೇಳಿದ್ದೇ ತಪ್ಪಾಯಿತು. ಅಕ್ಕನ ಕಿರಿಯ ಮಗ ಈಗ ತನ್ನ ಚೀಲದ ಒಳಮಡಿಕೆಯಲ್ಲಿ, ಅದನ್ನು ಹೊರಗೆ ಒಯ್ದ ಪ್ರತಿ ಬಾರಿಯೂ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಾನೆ. ನಿನ್ನೆ ಎಣಿಸಿ ಫೋನ್ ಮಾಡಿದ್ದ: ಹದಿನೇಳು ಆಗಿದೆಯಂತೆ, ಚೀಲ ಒಗೆದರೆ ಗೆರೆಗಳು ಹೋಗುತ್ತವೆಯೇ ಎಂಬ ಚಿಂತೆ ಅವನದು. ನೂಲೆಳೆ ಅವರೇ, ಅವನಿಗೆ ಏನು ಹೇಳಲಿ?

ನೂಲೆಳೆ

ಗೆರೆಗಳ ಮೇಲೆ ಹೊಲಿಗೆ ಹಾಕಲು ಹೇಳಿ. ಐದೈದಕ್ಕೆ ಒಂದು ಗಂಟು ಸಾಕು, ದಾರ ಒಗೆದರೂ ಹೋಗುವುದಿಲ್ಲ.